ನಾಟಿಂಗ್ ಹಿಲ್‌ನಲ್ಲಿ ಒಂದು ಭಾನುವಾರ

ಲಂಡನ್ನಿಗೆ ಬಂದು ಒಂಬತ್ತು ವರ್ಷವಾಗಿದ್ದರೂ ನಾಟಿಂಗ್ ಹಿಲ್ ಕಾರ್ನಿವಲ್‌ಗೆ ನಾವು ಒಮ್ಮೆಯೂ ಹೋಗಿರಲಿಲ್ಲ. ಆಗಸ್ಟ್ ತಿಂಗಳ ಕೊನೆಯಲ್ಲಿ ಎರಡು ದಿನ ನಡೆಯುವ, ವೆಸ್ಟ್ ಇಂಡೀಸ್ ಮೂಲದವರ ಆ ಬೀದಿ ಉತ್ಸವಕ್ಕೆ ಸೇರುವ ಜನಸಂದಣಿಯನ್ನು ನೆನೆದೇ ನಾನು ಪ್ರತಿ ವರ್ಷ ಹಿಂಜರಿಯುತ್ತಿದ್ದೆ. 2023ರಲ್ಲಿ ಊರಿನಿಂದ ಅತ್ತೆಯವರು ಬಂದಿದ್ದರು. ಜಾತ್ರೆಯೆಂದರೆ ಅವರಿಗೆ ಎಲ್ಲಿಲ್ಲದ ಉತ್ಸಾಹ. ಭಾನುವಾರ ಮಕ್ಕಳ ಮೆರವಣಿಗೆ ಇರುತ್ತದೆಂದು ತಿಳಿದ ಮೇಲೆ ಮನಸ್ಸು ಗಟ್ಟಿ ಮಾಡಿ, ಆಗಸ್ಟ್ 27ರ ಬೆಳಿಗ್ಗೆ ನಾವು ನಾಲ್ವರೂ ಹೊರಟೆವು. ಏಳು ವರ್ಷದ ಮಗಳು ಎಲ್ಲಾದರೂ ತಪ್ಪಿಸಿಕೊಂಡರೆ ಎಂಬ ಭಯಕ್ಕೆ ಅವಳ ಮುಂಗೈಯ ಮೇಲೆ ನನ್ನ ಫೋನ್ ನಂಬರನ್ನು ಪೆನ್ನಿನಲ್ಲಿ ಬರೆಯುತ್ತಿದ್ದಾಗ ಅತ್ತೆಯವರೂ ತಮ್ಮ ಕೈ ಮುಂದೆ ಚಾಚಿ, "ನನಗೂ ಬರೆದುಬಿಡಮ್ಮ" ಎಂದರು.

ಲ್ಯಾಡ್‌ಬ್ರೋಕ್ ಗ್ರೋವ್ ನಿಲ್ದಾಣವನ್ನು ಆ ದಿನಗಳಲ್ಲಿ ಮುಚ್ಚಿರುತ್ತಾರಾದ್ದರಿಂದ ದೂರದಲ್ಲಿ ಇಳಿದು ನಡೆದೆವು. ಅನೇಕ ಮನೆ, ಅಂಗಡಿಗಳ ಕಿಟಕಿಗಳಿಗೆ ಪ್ಲೈವುಡ್ ಹಲಗೆ ಬಡಿದಿದ್ದರು. ಅದನ್ನು ಕಂಡು ನನ್ನ ಹಳೆಯ ಅಳುಕು ಮತ್ತೆ ತಲೆಯೆತ್ತಿತಾದರೂ, ಬಣ್ಣದ ಗರಿಗಳ ಕಿರೀಟ ತೊಟ್ಟ ಪುಟ್ಟ ಮಕ್ಕಳು ತಿರುವಿನಲ್ಲಿ ಕಾಣಿಸಿಕೊಂಡೊಡನೆ ಅದು ಇಳಿಯಿತು.

ಮೆರವಣಿಗೆ ಸ್ವಲ್ಪ ಹೊತ್ತು ನಿಂತಾಗ, ಚಕ್ರದ ಚೌಕಟ್ಟಿಗೆ ತೂಗುಹಾಕಿದ ಸ್ಟೀಲ್‌ಪ್ಯಾನ್ ವಾದ್ಯವೊಂದು ನಮ್ಮೆದುರೇ ಬಂದು ನಿಂತಿತು. ಅದನ್ನು ನುಡಿಸುತ್ತಿದ್ದ ವಯಸ್ಸಾದ ಮಹಿಳೆ ಮಗಳನ್ನು ಹತ್ತಿರ ಕರೆದು, ತುದಿಗೆ ರಬ್ಬರ್ ಸುತ್ತಿದ ಕೋಲನ್ನು ಅವಳ ಕೈಗಿತ್ತರು. ಎಣ್ಣೆಯ ಪೀಪಾಯಿಯ ತಳವನ್ನು ಸುತ್ತಿಗೆಯಿಂದ ಬಡಿದು ಬಡಿದು ಬಟ್ಟಲಿನಂತೆ ತಗ್ಗಿಸಿ, ಅದರೊಳಗೆ ಒಂದೊಂದು ಸ್ವರಕ್ಕೂ ಒಂದೊಂದು ಜಾಗ ಮಾಡಿರುತ್ತಾರೆ: ಅಂಚಿನಲ್ಲಿ ಅಗಲವಾದ ಮಂದ್ರದ ಮನೆಗಳು, ನಡುವಿನಲ್ಲಿ ಪುಟ್ಟ ತಾರದ ಮನೆಗಳು. ಮಗಳು ನಡುವೆ ಒಮ್ಮೆ ಮುಟ್ಟಿಸಿದ್ದೇ ತಡ, ಜಲತರಂಗದಂಥ ನಾದವೊಂದು ಎದ್ದಿತು. ಇದು ವೆಸ್ಟ್ ಇಂಡೀಸ್‌ನ ಟ್ರಿನಿಡಾಡ್ ದ್ವೀಪದ ಕೊಡುಗೆ. ಬ್ರಿಟಿಷ್ ಆಡಳಿತ ಅಲ್ಲಿನ ಕರಿಯ ಜನರ ಚರ್ಮವಾದ್ಯಗಳನ್ನು ನಿರ್ಬಂಧಿಸಿದಾಗ ಅವರು ಬಿದಿರನ್ನು ನೆಲಕ್ಕೆ ಬಡಿದು ತಾಳ ಹಾಕಿದರು. ಮುಂದೆ 1930ರ ದಶಕದಲ್ಲಿ ಡಬ್ಬ, ಪೀಪಾಯಿಗಳನ್ನು ಕೈಗೆತ್ತಿಕೊಂಡರು. ಅಷ್ಟು ಹಟದಿಂದ ಉಳಿಸಿಕೊಂಡ ಸಂಗೀತವನ್ನು ನನ್ನ ಮಗಳು ಅಷ್ಟು ಸಲೀಸಾಗಿ ಮುಟ್ಟಿದ್ದನ್ನು ಕಂಡು ನನ್ನ ಕಣ್ಣು ತುಂಬಿತು.

ಹಸಿವಾಗಿ ಟ್ರಿನಿಡಾಡ್‌ನವರ ಒಂದು ಮಳಿಗೆಯಲ್ಲಿ ಡಬಲ್ಸ್ ತೆಗೆದುಕೊಂಡೆವು. ಅರಿಸಿನ ಹಾಕಿ ಕರಿದ ಎರಡು ಮೆತ್ತನೆಯ ರೊಟ್ಟಿಗಳ ನಡುವೆ ಕಾಬೂಲಿ ಕಡಲೆಯ ಸಾರು, ಮೇಲೆ ಹುಣಸೆಯ ಚಟ್ನಿ. ಆ ರೊಟ್ಟಿಗೆ ಅವರು 'ಬಾರಾ' ಎನ್ನುತ್ತಾರೆ. ಅತ್ತೆಯವರು ಒಂದು ತುತ್ತು ಬಾಯಿಗಿಟ್ಟು, "ಇದರಲ್ಲಿ ಜೀರಿಗೆ ಇದೆ ಕಣೇ, ಇದು ನಮ್ಮ ಕಡೆಯದೇ" ಎಂದು ಬೆರಗಾದರು. 1845ರಲ್ಲಿ ಫತೇಲ್ ರಜಾಕ್ ಎಂಬ ಹಡಗು ಭಾರತದ ಕೂಲಿಗಳನ್ನು ಮೊದಲ ಬಾರಿಗೆ ಟ್ರಿನಿಡಾಡ್‌ಗೆ ಕೊಂಡೊಯ್ದ ಕತೆಯನ್ನು ನನ್ನ ಗಂಡ ಹೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ.

ಮೂರು ಗಂಟೆಗೆ ಇದ್ದಕ್ಕಿದ್ದಂತೆ ಎಲ್ಲವೂ ನಿಂತಿತು. ಎದೆಯನ್ನೇ ನಡುಗಿಸುತ್ತಿದ್ದ ಧ್ವನಿವರ್ಧಕಗಳು ಒಂದೊಂದಾಗಿ ಮೌನವಾದವು, ಕುಣಿಯುತ್ತಿದ್ದವರು ತಲೆ ತಗ್ಗಿಸಿದರು, ಹೆಗಲ ಮೇಲಿದ್ದ ಮಕ್ಕಳನ್ನು ಕೆಲವರು ಕೆಳಗಿಳಿಸಿಕೊಂಡರು. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಗ್ರೆನ್‌ಫೆಲ್ ಟವರ್ ಎಂಬ ಬಹುಮಹಡಿ ವಸತಿ ಕಟ್ಟಡಕ್ಕೆ 2017ರ ಜೂನ್ 14ರಂದು ಬೆಂಕಿ ಬಿದ್ದು 72 ಮಂದಿ ತೀರಿಕೊಂಡಿದ್ದರು. ಅವರಿಗಾಗಿ ಈ 72 ಸೆಕೆಂಡುಗಳ ಮೌನ. ಸಾವಿರಾರು ಜನರಿದ್ದ ಆ ಬೀದಿಯಲ್ಲಿ ಎಲ್ಲೋ ಒಂದು ಕೂಸು ಅಳುವುದು ಮಾತ್ರ ಕೇಳುತ್ತಿತ್ತು.

ಈ ಉತ್ಸವದ ಬೇರು ಇರುವುದೇ ನೋವಿನಲ್ಲಿ ಎಂಬುದು ನನಗೆ ಆಗ ನೆನಪಾಯಿತು. 1958ರಲ್ಲಿ ಇದೇ ಬೀದಿಗಳಲ್ಲಿ ವೆಸ್ಟ್ ಇಂಡೀಸ್‌ನಿಂದ ಬಂದವರ ಮೇಲೆ ಬಿಳಿಯರ ಗುಂಪುಗಳು ಹಲ್ಲೆ ನಡೆಸಿದ್ದವು. ಕುಗ್ಗಿಹೋಗಿದ್ದ ತನ್ನ ಜನರನ್ನು ಮತ್ತೆ ಒಂದೆಡೆ ಸೇರಿಸಲೆಂದು ಟ್ರಿನಿಡಾಡ್ ಮೂಲದ ಪತ್ರಕರ್ತೆ ಕ್ಲಾಡಿಯಾ ಜೋನ್ಸ್ 1959ರ ಜನವರಿ 30ರಂದು, ಆ ಚಳಿಯಲ್ಲಿ, ಸೇಂಟ್ ಪ್ಯಾಂಕ್ರಸ್ ಪುರಭವನದೊಳಗೆ ಕಾರ್ನಿವಲ್ ಏರ್ಪಡಿಸಿದರು. ನಾಟಿಂಗ್ ಹಿಲ್‌ನ ಬೀದಿಗಳಲ್ಲಿ ಉತ್ಸವ ಶುರುವಾದದ್ದು 1966ರಲ್ಲಿ; ಅದನ್ನು ಕಾಣಲು ಆಕೆ ಬದುಕಿರಲಿಲ್ಲ.

"ಸತ್ತವರಲ್ಲಿ ಮಕ್ಕಳೂ ಇದ್ದರೇನೇ?" ಎಂದು ಅತ್ತೆಯವರು ಪಿಸುಗುಟ್ಟಿದರು. 18 ಮಕ್ಕಳು ಎಂದೆ. ಅವರು ಮೊಮ್ಮಗಳನ್ನು ಹತ್ತಿರಕ್ಕೆ ಎಳೆದುಕೊಂಡು, ಬೆವರಿಗೆ ಅರ್ಧ ಕದಡಿದ್ದ ಆ ನಂಬರಿನ ಮೇಲೆ ಬೆರಳಾಡಿಸುತ್ತ ನಿಂತರು. ಅಷ್ಟರಲ್ಲಿ ಎಲ್ಲಿಂದಲೋ ಒಂದು ಸೀಟಿ ಕೇಳಿಸಿತು, ಹಿಂದೆಯೇ ಸ್ಟೀಲ್‌ಪ್ಯಾನ್‌ಗಳು ಮೊರೆದವು. "ಬಾ ಪುಟ್ಟಿ, ಮೆರವಣಿಗೆ ಹೊರಟಿತು" ಎಂದು ಅತ್ತೆಯವರು ಅವಳ ಕೈಹಿಡಿದು ಮುಂದೆ ನಡೆದರು.