ಅನ್ನಭೇದಿ ನೆಲಕ್ಕೆ ಹಾಕಿಸಿ ಕೆಟ್ಟೆ

ಮಣ್ಣು ಪರೀಕ್ಷೆ ಮಾಡಿ ರೈತರಿಗೆ ಸಲಹೆ ಕೊಡೋದು ನನ್ನ ಕೆಲಸ. ಬಾಗಲಕೋಟೆ, ವಿಜಯಪುರ ಕಡೆಯ ಮಳೆ ನಂಬಿದ ಎರೆ ಹೊಲಗಳಲ್ಲೇ ಓಡಾಟ ಜಾಸ್ತಿ. ಹೊಸದರಲ್ಲಿ ಒಂದು ತಪ್ಪು ಮಾಡಿದೆ. ಖರ್ಚು ಮಾತ್ರ ರೈತರೊಬ್ಬರ ಕಿಸೆಯಿಂದ ಹೋಯಿತು.

ಅವರ ಶೇಂಗಾ ಹಳದಿಯಾಗಿತ್ತು. ಹಳೆ ಎಲೆಗಳು ಹಸಿರು, ತುದಿಯ ಚಿಗುರು ಮಾತ್ರ ಹಳದಿ, ಅದರಲ್ಲಿ ನರಗಳು ಪೆನ್ನಿನಲ್ಲಿ ಗೀಚಿದ ಹಾಗೆ ಹಸಿರು. ನೆಲದ ತುಂಬ ಬಿಳಿ ಸುಣ್ಣದ ಹರಳು. "ಯೂರಿಯಾ ಹಾಕೀನ್ರಿ, ಆದ್ರೂ ಹಳದಿ ಹೋಗವಲ್ದು" ಅಂದರು. ಸಾರಜನಕ ಕಡಿಮೆಯಾದರೆ ಮೊದಲು ಕೆಳಗಿನ ಎಲೆ ಹಳದಿಯಾಗುತ್ತದೆ, ಇದು ಕಬ್ಬಿಣದ ಕೊರತೆ ಅಂತ ಹೇಳಿದೆ. ಅಲ್ಲಿವರೆಗೆ ಸರಿ. ಆಮೇಲೆ ಎಕರೆಗೆ 10 ಕೆಜಿ ಅನ್ನಭೇದಿ (ಫೆರಸ್ ಸಲ್ಫೇಟ್, ಕಬ್ಬಿಣ ಇರುವ ಉಪ್ಪು) ನೆಲಕ್ಕೆ ಹಾಕಿ ಅಂದುಬಿಟ್ಟೆ.

2 ವಾರ ಕಳೆದರೂ ಬೆಳೆ ಹಾಗೇ ಇತ್ತು. ಆ ಮಣ್ಣಲ್ಲಿ ಕಬ್ಬಿಣ ಬೇಕಾದಷ್ಟಿದೆ, ಆದರೆ ರಸಸಾರ (pH) 8 ದಾಟಿದ ಸುಣ್ಣದ ನೆಲದಲ್ಲಿ ಅದು ಕರಗೋದಿಲ್ಲ, ನಾವು ಹಾಕಿದ್ದೂ ಬೇಗನೆ ತುಕ್ಕಾಗಿ ಕೂತುಬಿಡುತ್ತದೆ. ಓದಿದ್ದೆ, ಹೊಲದಲ್ಲಿ ನಿಂತಾಗ ನೆನಪಾಗಲಿಲ್ಲ.

ಹಾಗಾದರೆ ಸುಣ್ಣವನ್ನೇ ತೆಗೆದರೆ? ಲೆಕ್ಕ ಹಾಕಿ ನೋಡಿ. ಮೇಲಿನ 15 ಸೆಂ.ಮೀ. ಮಣ್ಣಲ್ಲಿ 10% ಸುಣ್ಣ ಇದ್ದರೆ ಎಕರೆಗೆ ಸುಮಾರು 80 ಟನ್ ಆಯಿತು. ಅದನ್ನು ಕರಗಿಸಲು 25 ಟನ್ ಗಂಧಕ ಬೇಕು! ಆ ದುಡ್ಡಲ್ಲಿ ಬೇರೆ ಹೊಲ ಬರುತ್ತೇನೋ.

ನಮ್ಮ ಹಿರಿಯರೊಬ್ಬರು ಒಂದು ಉಪಾಯ ಹೇಳಿದರು. ಅನ್ನಭೇದಿ ನೀರಲ್ಲಿ ಬೆರಳದ್ದಿ ಒಂದೇ ಚಿಗುರಿಗೆ ಸವರಿ ಬಂದೆ. 5ನೇ ದಿನ ಹೋಗಿ ನೋಡಿದರೆ ಹಳದಿ ಎಲೆಯ ಮೇಲೆ ನನ್ನ ಬೆರಳಿನಗಲ ಹಸಿರು. ರೈತರು ಬಗ್ಗಿ ಅದನ್ನೇ ನೋಡಿದರು, ನಾನು ಏನೂ ವಿವರಿಸಬೇಕಾಗಲಿಲ್ಲ.

ಲೀಟರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಮ್ಲ. ಸಂಜೆ ಹೊತ್ತು ಎಲೆಗೆ ಸಿಂಪಡಿಸಬೇಕು. ಹೊಸ ಚಿಗುರು ಮತ್ತೆ ಹಳದಿಯಾಗೇ ಬರುತ್ತದೆ, ಹಾಗಾಗಿ 10 ದಿನ ಬಿಟ್ಟು ಇನ್ನೊಮ್ಮೆ. ಸಿಟ್ರಿಕ್ ಆಮ್ಲ ಸುಮ್ನೆ ಯಾಕೆ ಅಂತ ರೈತರು ಅದನ್ನು ಬಿಟ್ಟು ಕಲಸಿದರು ನೋಡಿ, ಬೋರ್‌ವೆಲ್ ನೀರಿನ ಡ್ರಮ್ ಕಣ್ಣೆದುರೇ ಚಹಾ ಬಣ್ಣಕ್ಕೆ ತಿರುಗಿತು. ಅದನ್ನು ಚೆಲ್ಲಿಸಿದೆ, ಕಬ್ಬಿಣ ತುಕ್ಕಾಗಿ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಹೊಡೆದು ಪ್ರಯೋಜನವಿಲ್ಲ.

ರಂಜಕದ ಕತೆಯೂ ಹೆಚ್ಚುಕಡಿಮೆ ಇದೇ. ರಂಜಕದ ಗೊಬ್ಬರ ಡಿಎಪಿ ಎರಚಿದರೆ ಸುಣ್ಣ ಅದನ್ನು ಹಿಡಿದುಕೊಳ್ಳುತ್ತದೆ, ಬಿತ್ತುವಾಗಲೇ ಸಾಲಿನಲ್ಲಿ ಬೀಜದ ಪಕ್ಕ, ಸ್ವಲ್ಪ ಕೆಳಗೆ ಬೀಳುವ ಹಾಗೆ ಕೊಡೋದು ವಾಸಿ.

ಆ ಹೊಲದ ಒಂದು ಮೂಲೆಯಲ್ಲಿ ಮಾತ್ರ ಶೇಂಗಾ ಮೊದಲಿಂದಲೂ ಹಸಿರಾಗಿತ್ತು. ಅಲ್ಲಿ ಹಿಂದೆ ತಿಪ್ಪೆ ಇತ್ತಂತೆ. ಮೊದಲ ದಿನವೇ ಅವರು ಅದನ್ನು ತೋರಿಸಿದ್ದರು, ನಾನು ಹೂಂ ಅಂದು ಹಳದಿ ಕಡೆ ನಡೆದಿದ್ದೆ. ಕೊಳೆತ ಗೊಬ್ಬರ ಕಬ್ಬಿಣವನ್ನು ಬೇರಿಗೆ ಸಿಗುವ ಹಾಗೆ ಹಿಡಿದಿಡುತ್ತದೆ, ಅಲ್ವಾ. ಈಗ ಅವರು ಇರುವ ನಾಲ್ಕು ಬಂಡಿ ಗೊಬ್ಬರವನ್ನು ಹೊಲಕ್ಕೆಲ್ಲ ತೆಳ್ಳಗೆ ಚೆಲ್ಲೋದಿಲ್ಲ. ವರ್ಷಕ್ಕೊಂದು ಹಳದಿ ಪಟ್ಟಿ ಆರಿಸಿ ಅಲ್ಲೇ ಸುರಿಯುತ್ತಾರೆ.