ಐದು ಅಂಕದ ಸರಳ ಬಡ್ಡಿ ಲೆಕ್ಕ

ಮುಂಬೈನ ಧಾರಾವಿ ಹತ್ತಿರದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಮಕ್ಕಳಲ್ಲಿ ಹೆಚ್ಚಿನವರು ಕಲಬುರಗಿ, ಯಾದಗಿರಿ ಕಡೆಯಿಂದ ದುಡಿಯಲು ಬಂದವರ ಮಕ್ಕಳು. ನನ್ನದು ಶೇ. 40ರ ಟಪ್ಪಾದ ಹುದ್ದೆ, ಅಂದರೆ ಪಗಾರಕ್ಕೆ ಸರ್ಕಾರದ ಅನುದಾನ ಶೇ. 40ರ ಹಂತದಲ್ಲಿದೆ. ಪಗಾರದ ಸರ್ಕಾರಿ ಆನ್‌ಲೈನ್ ವ್ಯವಸ್ಥೆಯಾದ ಶಾಲಾರ್ಥ್‌ನಲ್ಲಿ ಬಿಲ್ ಪಾಸಾದಾಗಷ್ಟೇ ಪಗಾರ. ಮನೆ ಬಾಡಿಗೆ ಮಾತ್ರ 5ನೇ ತಾರೀಖಿಗೆ ಕೊಡಲೇಬೇಕು. ಕಳೆದ ವರ್ಷ ನನ್ನ ಏಳನೇ ತರಗತಿಯ ಮೂರು ಮಕ್ಕಳಿಗೆ ಮನೆಯಲ್ಲೇ ಟ್ಯೂಷನ್ ಶುರು ಮಾಡಿದೆ. ತಿಂಗಳಿಗೆ ತಲಾ 600 ರೂಪಾಯಿ.

ಖಾಸಗಿ ಟ್ಯೂಷನ್ ಮಾಡುವುದಿಲ್ಲ ಅಂತ ಜೂನ್‌ನಲ್ಲೇ ಹಮೀಪತ್ರಕ್ಕೆ, ಅಂದರೆ ಮುಚ್ಚಳಿಕೆಗೆ, ಸಹಿ ಹಾಕಿದ್ದೆ. ಓದಿಯೇ ಹಾಕಿದ್ದೆ. ಶಾಲೆ ಬಿಟ್ಟ ಮೇಲಿನ ಹೊತ್ತು ನನ್ನದು, ಮನೆ ನನ್ನದು, ಇದರಿಂದ ಯಾರಿಗೆ ತೊಂದರೆ ಅಂದುಕೊಂಡೆ.

ಯಾರಿಗೆ ಅನ್ನುವುದು ಘಟಕ ಪರೀಕ್ಷೆ ಮುಗಿದು ಓಪನ್ ಡೇ ದಿನ ಗೊತ್ತಾಯಿತು. ಒಬ್ಬ ತಾಯಿ ಮಗನ ಉತ್ತರಪತ್ರಿಕೆ ಹಿಡಿದು ಬಂದರು. ಐದು ಅಂಕದ ಸರಳ ಬಡ್ಡಿ ಲೆಕ್ಕ ಹುಡುಗನಿಗೆ ಬಂದಿರಲಿಲ್ಲ. ಇನ್ನೊಂದು ಕೈಯಲ್ಲಿ ಪಕ್ಕದ ಮನೆ ಹುಡುಗಿಯ ನೋಟುಬುಕ್ಕು ಇತ್ತು. ಅದು ನನ್ನ ಟ್ಯೂಷನ್ನಿನದು. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಅಸಲು 15,000, ದರ ಶೇ. 8, ಅವಧಿ 3 ವರ್ಷ. ಎರಡರಲ್ಲೂ ಅದೇ. ನೋಟುಬುಕ್ಕಿನಲ್ಲಿ 3,600 ಅಂತ ಉತ್ತರದ ಕೆಳಗೆ ನನ್ನದೇ ಕೆಂಪು ಗೆರೆ.

"ಅಕ್ಕೋರೇ, ನಾನೂ ರೊಕ್ಕ ಕೊಟ್ಟಿದ್ರ ನನ್ನ ಮಗಗೂ ಈ ಲೆಕ್ಕ ಮೊದ್ಲ ಹೇಳ್ಕೊಡ್ತಿದ್ರೇನು?"

ಅವರು ದನಿ ಏರಿಸಲಿಲ್ಲ. ಹಿಂದೆ ಸಾಲಿನಲ್ಲಿ ನಿಂತಿದ್ದ ಪಾಲಕರ ಮಾತು ನಿಂತಿತು. ಹುಡುಗ ತನ್ನ ಚಪ್ಪಲಿ ನೋಡುತ್ತಿದ್ದ. ನಾನು ಬೇಕಂತ ಮಾಡಿರಲಿಲ್ಲ. ಟ್ಯೂಷನ್ ಮಾಡಿದ ಮೇಜಿನ ಮೇಲೇ ರಾತ್ರಿ ಪ್ರಶ್ನೆಪತ್ರಿಕೆ ಬರೆದಿದ್ದೆ. ತಲೆಯಲ್ಲಿ ಉಳಿದಿದ್ದ ಅಂಕಿಗಳೇ ಕೈಗೆ ಬಂದಿದ್ದವು. ಆದರೆ ಅದನ್ನು ಅವರ ಮುಂದೆ ಹೇಗೆ ಹೇಳುವುದು? ಬಾಯಿ ತೆರೆದೆ, ಮಾತು ಬರಲಿಲ್ಲ. ಕೊನೆಗೆ "ತಪ್ಪಾಯ್ತು ರೀ" ಅಂದೆ. ಅವರು ನೋಟುಬುಕ್ಕು ಮಡಚಿ, ಮಗನ ಕೈ ಹಿಡಿದು ಹೋದರು.

ಮುಖ್ಯಾಧ್ಯಾಪಕರು ಆ ಸಂಜೆ ಹಮೀಪತ್ರದ ಜೊತೆ ಶಿಕ್ಷಣ ಹಕ್ಕು ಕಾಯ್ದೆಯನ್ನೂ ಮುಂದೆ ಇಟ್ಟರು. 2009ರ ಕಾಯ್ದೆ, ಕಲಂ 28. ಒಂದೇ ವಾಕ್ಯ: ಯಾವ ಶಿಕ್ಷಕರೂ ಖಾಸಗಿ ಟ್ಯೂಷನ್‌ನಲ್ಲಾಗಲಿ, ಖಾಸಗಿ ಪಾಠದಲ್ಲಾಗಲಿ ತೊಡಗಬಾರದು. ಶಾಲೆ ಹೊತ್ತಿನಲ್ಲಿ ಮಾತ್ರ ಅಂತ ಅಲ್ಲಿ ಇಲ್ಲ. ತನ್ನ ತರಗತಿಯ ಮಕ್ಕಳಿಗೆ ಮಾತ್ರ ಅಂತಲೂ ಇಲ್ಲ. ನನ್ನನ್ನು ಹೆಚ್ಚು ಚುಚ್ಚಿದ್ದು ಕಲಂ 24. ಪ್ರತಿ ಮಗುವಿನ ಕಲಿಕೆಯನ್ನು ನೋಡಿ, ಬೇಕಾದಷ್ಟು ಹೆಚ್ಚಿನ ಪಾಠ ಮಾಡುವುದು ಶಿಕ್ಷಕರ ಕರ್ತವ್ಯ ಅನ್ನುತ್ತದೆ ಅದು. ಅಂದರೆ ಆ ಹುಡುಗನಿಗೆ ನಾನು ಕೊಡಬೇಕಾಗಿದ್ದ ಪಾಠವನ್ನೇ ಮೂವರಿಗೆ ಮಾರಿದ್ದೆ, ಅಲ್ವಾ? ತರಗತಿಯಲ್ಲಿ "ಇದನ್ನ ಆಮೇಲೆ ನೋಡೋಣ" ಅಂತ ಎಷ್ಟು ಸಲ ಮುಂದೆ ಹೋಗಿದ್ದೆನೋ. ಆ "ಆಮೇಲೆ" ನಮ್ಮ ಮನೆಯಲ್ಲಿ, 600 ಕೊಟ್ಟವರಿಗೆ ಸಿಗುತ್ತಿತ್ತು.

ಮೂರೂ ಮನೆಗೆ ಹೋಗಿ ಆ ತಿಂಗಳ ಹಣ ವಾಪಸ್ ಕೊಟ್ಟೆ. ಲೆಕ್ಕ ಬದಲಾಯಿಸಿ ಇಡೀ ತರಗತಿಗೆ ಮತ್ತೆ ಪರೀಕ್ಷೆ ಇಟ್ಟೆವು. ನನಗೆ ಲಿಖಿತ ಎಚ್ಚರಿಕೆ ಬಂತು. ಅದು ಸರಿಯೇ.

ಆದರೆ ನಮ್ಮ ಆಡಳಿತ ಮಂಡಳಿಗೂ ಒಂದು ಮಾತು ಹೇಳಬೇಕು. ಹಮೀಪತ್ರ ಮಾತ್ರ ತಪ್ಪದೆ ಜೂನ್‌ನಲ್ಲಿ ಬರುತ್ತದೆ, ಪಗಾರದ ಬಿಲ್ ಹಾಗೆ ಬರುವುದಿಲ್ಲ. ಮಧ್ಯಾಹ್ನದ ಬಿಡುವಿನ ಪಿರಿಯಡ್ ಮಕ್ಕಳ ವಿವರ ತುಂಬುವ ಸರ್ಕಾರಿ ಪೋರ್ಟಲ್‌ನಲ್ಲಿ ಆಧಾರ್ ಹೊಂದಿಸುವುದರಲ್ಲೇ ಮುಗಿಯುತ್ತದೆ. ಹಿಂದುಳಿದ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳೋದು ಯಾವಾಗ?

ಈಗ ಬುಧವಾರ, ಶುಕ್ರವಾರ ಶಾಲೆ ಬಿಟ್ಟ ಮೇಲೆ 40 ನಿಮಿಷ ಕೂರುತ್ತೇವೆ. 11 ಮಕ್ಕಳು, ದುಡ್ಡಿಲ್ಲ. ಆ ಹುಡುಗನೂ ಬರುತ್ತಾನೆ, ಬಾಗಿಲ ಹತ್ತಿರವೇ ಕೂರುತ್ತಾನೆ. ಶೇಕಡಾವಾರು ಬಂದಿದೆ, ಅವಧಿ ತಿಂಗಳಲ್ಲಿದ್ದರೆ ಇನ್ನೂ ತಡವರಿಸುತ್ತಾನೆ. ಅಷ್ಟರಲ್ಲಿ ವಾಚ್‌ಮನ್ ಬಂದು ಕೋಣೆಗೆ ಬೀಗ ಹಾಕಬೇಕು ಅಂತ ನಿಲ್ಲುತ್ತಾರೆ. ಉಳಿದದ್ದನ್ನು ಮೆಟ್ಟಿಲ ಮೇಲೆ ಕೂತು ಮುಗಿಸುತ್ತೇವೆ. ಆರು ಗಂಟೆವರೆಗೆ ಕೀಲಿ ನನ್ನ ಹತ್ತಿರ ಇರಲಿ ಅಂತ ಅರ್ಜಿ ಕೊಟ್ಟು ಎರಡು ತಿಂಗಳಾಯಿತು.