"ಡ್ಯಾಂ ಒಡದೈತಂತ, ಹೌದೇನು?"

2024 ಆಗಸ್ಟ್ 10, ಶನಿವಾರ ರಾತ್ರಿ. ಹನ್ನೆರಡು ದಾಟಿತ್ತು, ಅಮ್ಮನ ಫೋನು. ಆ ಹೊತ್ನಲ್ಲಿ ಅಮ್ಮನ ಹೆಸರು ಸ್ಕ್ರೀನ್ ಮೇಲೆ ಬಂದ್ರೆ ಎತ್ತೋಕೂ ಮುಂಚೆ ಯಾರು ಹೋದ್ರಪ್ಪಾ ಅಂತ ಮನಸ್ಸು ಲೆಕ್ಕ ಹಾಕಿರುತ್ತೆ. ಎತ್ತಿದ್ರೆ ಅಮ್ಮ ಕೇಳಿದ್ದು ಒಂದೇ ಮಾತು, "ಡ್ಯಾಂ ಒಡದೈತಂತ, ಹೌದೇನು?"

ನಮ್ಮೂರು ಕಂಪ್ಲಿ ಸೀಮೆಲಿ, ತುಂಗಭದ್ರಾ ಹೊಳೆ ದಂಡೆಗೇ ಐತಿ. ಮೇಲ್ಗಡೆ ಹೊಸಪೇಟೆ ಹತ್ರ ತುಂಗಭದ್ರಾ ಡ್ಯಾಂ, ನಮ್ಮ ಬಾಯಲ್ಲಿ ಟಿಬಿ ಡ್ಯಾಂ. ಮನೆ ಹಿತ್ತಲಿಂದ ನಾಲ್ಕು ಗದ್ದೆ ದಾಟಿದ್ರೆ ನೀರು. ನಾನಿರೋದು ಬೆಂಗ್ಳೂರಲ್ಲಿ, ನಾಲ್ಕನೇ ಮಾಳಿಗೆಲಿ, ಹೊಳೆ ಬಿಡಿ ನಲ್ಲಿ ನೀರೂ ದಿನ ಬಿಟ್ಟು ದಿನ. ಡ್ಯಾಂ ಪಕ್ಕದಲ್ಲಿರೋ ಅಮ್ಮ ಡ್ಯಾಂ ಸುದ್ದೀನ ನನ್ನ ಕೇಳ್ತಿದ್ಲು. ಆಗ ನಂಗೆ ಇದು ವಿಚಿತ್ರ ಅನ್ಸಿರ್ಲಿಲ್ಲ, ಆಮೇಲೆ ಯೋಚಿಸ್ತಾ ಯೋಚಿಸ್ತಾ ಇದೇ ಇಡೀ ಕಥೆ ಅನ್ನಿಸ್ತು.

ಆ ರಾತ್ರಿ ಆಗಿದ್ದೇನಂತ ಈಗ ಎಲ್ಲರಿಗೂ ಗೊತ್ತು. ಡ್ಯಾಂಗೆ 33 ಕ್ರೆಸ್ಟ್ ಗೇಟು, ಅಂದ್ರೆ ಹೊಳೆಗೆ ನೀರು ಬಿಡೋಕೆ ಎತ್ತೋ ಬಾಗಿಲು, ಅದ್ರಲ್ಲಿ 19ನೇ ಗೇಟಿನ ಚೈನ್ ಕಟ್ಟಾಗಿ ಗೇಟೇ ಕೊಚ್ಕೊಂಡು ಹೋಯ್ತು. ಡ್ಯಾಂ ಆಗ ಹೆಚ್ಚೂಕಮ್ಮಿ ಭರ್ತಿ, 105 ಟಿಎಂಸಿ ಹತ್ರ ಹತ್ರ. ಆ ಒಂದು ಕಿಂಡಿಯಿಂದ 35 ಸಾವಿರ ಕ್ಯೂಸೆಕ್ ನೀರು ನುಗ್ಗಿತು, ಉಳಿದ ಗೇಟುಗಳ ಮೇಲೆ ಭಾರ ಬೀಳದಿರಲಿ ಅಂತ ಅವನ್ನೂ ಎತ್ತಿ ನೀರು ಬಿಟ್ರು, ಒಟ್ಟು ಒಂದು ಲಕ್ಷ ಕ್ಯೂಸೆಕ್ ಆಸುಪಾಸು. ಅಂದ್ರೆ ಗೇಟು ಹೋಗಿತ್ತು, ಡ್ಯಾಂ ನಿಂತಿತ್ತು. ಇದು ಎರಡು ಬೇರೆ ಬೇರೆ ವಿಷಯ. ಬಾಗಿಲು ಕಿತ್ತೋಯ್ತು ಅನ್ನೋದಕ್ಕೂ ಮನೆ ಬಿತ್ತು ಅನ್ನೋದಕ್ಕೂ ಇರೋವಷ್ಟು ಫರಕು. ಆದ್ರೆ ವಾಟ್ಸಾಪಲ್ಲಿ ಆ ಫರಕು ಯಾರಿಗೆ ಬೇಕು, "ಟಿಬಿ ಡ್ಯಾಂ ಒಡೆಯಿತು" ಅಂತಲೇ ಓಡ್ತಿತ್ತು, ಜೊತೆಗೊಂದು ವಿಡಿಯೋ, ಅದ್ರಲ್ಲಿ ನೋಡಿದ್ರೆ ಗುಡ್ಡಗಳ ನಡುವಿನ ಇನ್ಯಾವುದೋ ಡ್ಯಾಂ, ಕೂಗಾಡ್ತಿರೋರ ಭಾಷೆನೇ ನಮ್ದಲ್ಲ. ನಮ್ಮ ದೊಡ್ಡಪ್ಪ ಎಪ್ಪತ್ತು ವರ್ಷ ಟಿಬಿ ಡ್ಯಾಂ ನೋಡ್ಕೊಂಡು ಬೆಳ್ದೋರು, ಅವ್ರೂ ಅದನ್ನ ಫಾರ್ವರ್ಡ್ ಮಾಡಿದ್ರು. ಬೆಳಗ್ಗೆ ಕೇಳಿದ್ರೆ "ಕತ್ತಲದಾಗ ಕನ್ನಡಕ ಇರ್ಲಿಲ್ಲಪ್ಪಾ" ಅಂದ್ರು.

ಅಮ್ಮನಿಗೆ ನಾನು ಹೇಳಿದ್ದೇನು? "ಏನಿಲ್ಲಮ್ಮ, ಗಾಬರಿ ಆಗ್ಬೇಡ." ಸರಿಯಾಗಿ ಅದನ್ನೇ ಹೇಳ್ಬಾರ್ದಿತ್ತು. ನಂಗೇ ಏನೂ ಗೊತ್ತಿರ್ಲಿಲ್ಲ, ಅದು ಅಮ್ಮನಿಗೂ ಗೊತ್ತಾಯ್ತು. ಹತ್ತು ನಿಮಿಷಕ್ಕೆ ಮತ್ತೆ ಫೋನು, ಈ ಸಲ ಹಿಂದಿನಿಂದ ಟ್ರ್ಯಾಕ್ಟರ್ ಸ್ಟಾರ್ಟ್ ಆಗೋ ಸದ್ದು. ಕೆಳಗಿನ ಓಣಿಯೋರು ಅಕ್ಕಿ ಚೀಲ, ಮೇಕೆ, ಟಿವಿ ಎಲ್ಲ ಹೇರ್ಕೊಂಡು ಹೊರಟಿದ್ರಂತೆ. ಎಲ್ಲಿಗೆ ಅಂತ ಅವ್ರಿಗೂ ಗೊತ್ತಿಲ್ಲ, ಎತ್ತರಕ್ಕೆ ಅಷ್ಟೇ.

ಕ್ಯೂಸೆಕ್ ವಿಷಯಕ್ಕೆ ಬರ್ತೀನಿ, ನನ್ನ ತಲೆ ಕೆಟ್ಟಿದ್ದು ಅಲ್ಲೇ. ಪ್ರತೀ ಮಳೆಗಾಲ ನಮ್ಮ ಕಡೆ ಒಂದು ಪ್ರಕಟಣೆ ಬರುತ್ತೆ, ನದಿ ಪಾತ್ರದ ಜನರು ಎಚ್ಚರದಿಂದಿರಬೇಕು, ಇಷ್ಟು ಸಾವಿರ ಕ್ಯೂಸೆಕ್ ನೀರು ಹೊರಬಿಡಲಾಗುವುದು, ಸುರಕ್ಷಿತ ಸ್ಥಳಗಳಿಗೆ ತೆರಳಬೇಕು. ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್, ಅಂದ್ರೆ 35 ಸಾವಿರ ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಹತ್ತತ್ರ ಹತ್ತು ಲಕ್ಷ ಲೀಟರ್. ಕೇಳಿದ್ರೇನೇ ಕೈಕಾಲು ತಣ್ಣಗಾಗೋ ನಂಬರು. ಆದ್ರೆ ಅದೇ ವರ್ಷ ಜುಲೈ ಕೊನೆಗೆ, ಅಂದ್ರೆ ಬರೀ ಎರಡು ವಾರ ಹಿಂದೆ, ಗೇಟೆಲ್ಲ ಗಟ್ಟಿಯಿದ್ದಾಗ್ಲೇ ಹೊಳೆಗೆ ಬಿಟ್ಟ ನೀರು ಒಂದೂವರೆ ಲಕ್ಷ ಕ್ಯೂಸೆಕ್ ಮುಟ್ಟಿತ್ತು! ಹಂಪಿಯ ಪುರಂದರ ಮಂಟಪ ಮುಳುಗಿತ್ತು, ಕಂಪ್ಲಿ ಸೇತುವೆ ಬಂದ್ ಆಗಿತ್ತು, ನಮ್ಮನೆಯೋರು ಕಟ್ಟೆ ಮೇಲೆ ಕೂತು ಮಿರ್ಚಿ ತಿಂತಾ ನೀರು ನೋಡಿದ್ರು. ಯಾರೂ ಮೇಕೆ ಹೇರಿರ್ಲಿಲ್ಲ.

ಅಂದ್ಮೇಲೆ ಆ ಶನಿವಾರ ರಾತ್ರಿ ಬೇಕಿದ್ದ ಮಾತು ಇಷ್ಟೇ ಇತ್ತು ನೋಡಿ: "ಒಂದು ಗೇಟು ಕಿತ್ತೋಗಿದೆ, ಡ್ಯಾಂ ಗಟ್ಟಿ ನಿಂತಿದೆ. ಹೋದ ತಿಂಗಳ ಕೊನೆಗೆ ಬಂದಿತ್ತಲ್ಲ, ಸದ್ಯಕ್ಕೆ ಅದಕ್ಕಿಂತ ಕಡಿಮೆ ನೀರೇ ಬರ್ತಿದೆ. ಆಗ ಯಾರ ಮನೆ ಬಾಗಿಲಿಗೆ ನೀರು ಬಂದಿತ್ತೋ ಅವ್ರು ಈಗ್ಲೇ ಶಾಲೆಗೆ ಬನ್ನಿ, ಬಾಕಿಯೋರು ಹೊಳೆ ಕಡೆ ಹೋಗ್ಬೇಡಿ. ಮುಂದೇನಾಗುತ್ತೋ ಇನ್ನೂ ಗೊತ್ತಿಲ್ಲ, ನಾಲ್ಕು ಗಂಟೆಗೆ ಮತ್ತೆ ಹೇಳ್ತೀವಿ." ಆಟೋಗೆ ಮೈಕ್ ಕಟ್ಕೊಂಡು ಓಣಿ ಸುತ್ತಿದ್ರೆ ಅರ್ಧ ನಿಮಿಷದ ಮಾತು.

ನಮ್ಮ ಜನಕ್ಕೆ ಹೊಳೆ ಅಳತೆ ಗೊತ್ತಿಲ್ಲ ಅಂತಲ್ಲ. ಚೆನ್ನಾಗೇ ಗೊತ್ತು, ಆದ್ರೆ ಅದು ಕ್ಯೂಸೆಕ್ಕಲ್ಲಿ ಇರಲ್ಲ. ಪುರಂದರ ಮಂಟಪ ಮುಳುಗ್ತಾ, ಆನೆಗೊಂದಿಯಿಂದ ಹೊಳೆ ನಡುಗಡ್ಡೆಯ ನವವೃಂದಾವನಕ್ಕೆ ದೋಣಿ ನಿಂತ್ವಾ, ಕಂಪ್ಲಿ ಸೇತುವೆ ಮೇಲೆ ಬಸ್ ಹೋಗ್ತಾ ಇಲ್ವಾ, ಇವೇ ನಮ್ಮ ಮೀಟರು. "ಇವತ್ತು ರಾತ್ರಿ ಮಂಟಪದ ಕಂಬ ಅರ್ಧ ಮುಳುಗಬಹುದು" ಅಂದ್ರೆ ಆನೆಗೊಂದಿ ಅಜ್ಜಿಗೂ ತನ್ನ ಹಸು ಎಲ್ಲಿ ಕಟ್ಬೇಕು ಅಂತ ಗೊತ್ತಾಗುತ್ತೆ. 2009ರ ಅಕ್ಟೋಬರಲ್ಲಿ ಇದೇ ಹೊಳೆ ಉಕ್ಕಿ ಕೆಳಗೆ ಮಂತ್ರಾಲಯದೊಳಗೇ ನೀರು ನುಗ್ಗಿತ್ತಲ್ಲ, ಅದನ್ನ ಕಂಡೋರು ಇವತ್ತಿಗೂ ಮಾತಾಡೋದು "ಮಂತ್ರಾಲಯಕ್ಕೆ ಬಂದಿತ್ತಲ್ಲ, ಆ ನೀರು" ಅಂತ, ಎಷ್ಟು ಲಕ್ಷ ಅಂತ ಯಾರೂ ಹೇಳಲ್ಲ. ಹವಾಮಾನ ಇಲಾಖೆ ಬಣ್ಣನೂ ಹಂಗೇ, ಆರೆಂಜ್ ಅಲರ್ಟ್ ಅಂದ್ರೆ 24 ಗಂಟೆಲಿ 115ರಿಂದ 204 ಮಿಲಿಮೀಟರ್ ಮಳೆ ಆಗೋ ಲೆಕ್ಕ, ಆದ್ರೆ ನಮ್ಮ ಮನೆ ಮಕ್ಳಿಗೆ ಅದು ನಾಳೆ ಸ್ಕೂಲ್ ರಜಾನಾ ಅಲ್ವಾ ಅನ್ನೋ ಒಂದೇ ಪ್ರಶ್ನೆ. ತಪ್ಪಂತಲೂ ಹೇಳಂಗಿಲ್ಲ, ಇಡೀ ಅಲರ್ಟಲ್ಲಿ ಅವ್ರು ಏನಾದ್ರೂ ಮಾಡ್ಬಹುದಾದ ಭಾಗ ಅದೊಂದೇ.

ಇನ್ನೊಂದು, "ಇನ್ನೂ ಗೊತ್ತಿಲ್ಲ" ಅನ್ನೋ ಮಾತಿಗೆ ನಮ್ಮಲ್ಲಿ ಯಾಕೋ ಎಲ್ಲರೂ ಹೆದರ್ತಾರೆ. ಪೂರ್ತಿ ಮಾಹಿತಿ ಸಿಗಲಿ, ಆಮೇಲೆ ಹೇಳೋಣ ಅಂತ ಕಾಯ್ತಾರೆ, ಅಷ್ಟರಲ್ಲಿ ಯಾವನೋ ಪುಣ್ಯಾತ್ಮ ಏನೂ ಗೊತ್ತಿಲ್ದೆ ಎಲ್ಲಾ ಹೇಳ್ಬಿಟ್ಟಿರ್ತಾನೆ. ಹಂಗಂತ ಬಾಯಿ ಮುಚ್ಚಿಸಿದ್ರೆ ಆಗುತ್ತಾ ಅಂದ್ರೆ ಅದೂ ಇಲ್ಲ. 2012ರ ಆಗಸ್ಟಲ್ಲಿ ಬೆಂಗ್ಳೂರಲ್ಲಿದ್ದೋರಿಗೆ ನೆನಪಿರುತ್ತೆ, ಈಶಾನ್ಯ ರಾಜ್ಯದೋರ ಮೇಲೆ ದಾಳಿ ಆಗುತ್ತಂತೆ ಅನ್ನೋ ಎಸ್ಸೆಮ್ಮೆಸ್ ಹಬ್ಬಿ ಸಾವಿರಾರು ಜನ ಗುವಾಹಟಿ ರೈಲು ಹತ್ತಿದ್ರು, ಸರ್ಕಾರ ಬಲ್ಕ್ ಎಸ್ಸೆಮ್ಮೆಸ್ಸಿಗೆ ದಿನಕ್ಕೆ ಐದೇ ಅಂತ ಮಿತಿ ಹಾಕ್ತು. ನಾನಾಗ ಕಾಲೇಜು. ನಮ್ಮ ಪಿಜಿಲಿದ್ದ ಮಣಿಪುರದ ಹುಡುಗ ಮಿತಿ ಬರೋ ಹೊತ್ತಿಗೆ ರೈಲಲ್ಲಿದ್ದ. ಹೋಗೋ ಮುಂಚೆ ಅವನು ನಮ್ಮನ್ನ ಕೇಳಿದ್ದೂ ಇದೇ, "ನಿಜಾನಾ?" ಅಂತ, ನಾವು ಹೇಳಿದ್ದೂ ಇದೇ, "ಏನಿಲ್ಲ ಮಗಾ, ಟೆನ್ಷನ್ ತಗೋಬೇಡ." ಹನ್ನೆರಡು ವರ್ಷ ಕಳೆದ್ರೂ ನಾನೇನೂ ಕಲ್ತಿರ್ಲಿಲ್ಲ ಅಂತಾಯ್ತು.

ಟೆಕ್ನಾಲಜಿ ಇಲ್ಲ ಅನ್ನಂಗೂ ಇಲ್ಲ. 2023ರ ಅಕ್ಟೋಬರಲ್ಲಿ ಎಲ್ಲರ ಫೋನು ಒಟ್ಟಿಗೆ ಕಿರುಚ್ಕೊಂಡ್ವಲ್ಲ, ಸೆಲ್ ಬ್ರಾಡ್‌ಕಾಸ್ಟ್ ಟೆಸ್ಟ್ ಅಂತ. ಅದಕ್ಕೆ ನಿಮ್ಮ ನಂಬರೂ ಬೇಡ, ಟವರ್ ವ್ಯಾಪ್ತಿಲಿರೋ ಫೋನಿಗೆಲ್ಲ ಒಂದೇ ಸಲ ಹೋಗುತ್ತೆ. ನಮ್ಮ ಆಫೀಸಲ್ಲಿ ಒಬ್ಬ ಮೊಬೈಲು ಸಿಡಿಯುತ್ತೆ ಅಂತ ಟೇಬಲ್ ಕೆಳಗೆ ಎಸೆದ. ಒಳ್ಳೇದೇ, ಆದ್ರೆ ಅಮ್ಮಂದು ಕೀಪ್ಯಾಡ್ ಫೋನು, ಅದು ಕಿರುಚೋದು ಬ್ಯಾಟರಿ ಲೋ ಆದಾಗ ಮಾತ್ರ. ಅಮ್ಮನಿಗೆ ಅವತ್ತು ಸುದ್ದಿ ಬಂದಿದ್ದು ಬಾಯಿಂದ ಬಾಯಿಗೆ, ಹಂಗಾಗಿ ಸರಿಯಾದ ಸುದ್ದಿನೂ ಬಾಯಿಂದ್ಲೇ ಬರ್ಬೇಕಿತ್ತು, ಗೊತ್ತಿರೋ ಬಾಯಿಂದ. ಹಿಂದೆ ಹಲಗೆ ಬಡ್ಕೊಂಡು ಡಂಗುರ ಸಾರೋನಿದ್ದ, ಸುದ್ದಿ ಮುಗಿಸಿದ ಮೇಲೆ ನಿಂತು "ಏನ್ ಕೇಳ್ತೀರಿ ಕೇಳ್ರಿ" ಅಂತಿದ್ನಂತೆ. ಮೈಕಿನ ಆಟೋ ನಿಲ್ಲಲ್ಲ, ರೆಕಾರ್ಡ್ ಹಾಕ್ಕೊಂಡು ಮುಂದಿನ ಓಣಿಗೆ ಹೋಗ್ಬಿಡುತ್ತೆ, ಪ್ರಶ್ನೆ ಇರೋರು ಅದ್ರ ಹಿಂದೆ ಓಡ್ಬೇಕು.

ಆ ರಾತ್ರಿ ನಮ್ಮೂರಲ್ಲಿ ಗಲಾಟೆ ನಿಲ್ಸಿದ್ದು ಲೈನ್‌ಮನ್ ಒಬ್ರು, ನಮಗೆ ದೂರದ ಸಂಬಂಧ. ಎರಡೂವರೆಗೆ ಬೈಕ್ ತಗೊಂಡು ಹೊಳೆಗೆ ಹೋಗಿ ನೋಡ್ಕೊಂಡು ಬಂದು, ಗುಡಿ ಮುಂದೆ ನಿಂತು ಹೇಳಿದ್ರಂತೆ, "ಮೊನ್ನೆ ಕಲ್ಲಿನ ಮೆಟ್ಟಲು ಒಂಬತ್ತು ಮುಳುಗಿದ್ವು, ಈಗ ನಾಲ್ಕು ಮುಳುಗ್ಯಾವ, ತಾಸಿಗೊಮ್ಮೆ ನೋಡಿ ಬಂದು ಹೇಳ್ತೀನಿ." ಮೂರೂವರೆಗೆ ಬಂದು ಐದು ಅಂದ್ರು. ನಾಲ್ಕೂವರೆಗೆ ಐದೇ ಅಂದ್ರು. ಟ್ರ್ಯಾಕ್ಟರ್ ಹತ್ತಿದ್ದೋರು ಇಳಿದ್ರು. ಕತ್ತಲಲ್ಲಿ ಹೊಳೆ ಹತ್ರ ಹೋಗಿದ್ದು ತಪ್ಪೇ, ಅವ್ರ ಹೆಂಡ್ತಿ ಅದಕ್ಕೆ ಇನ್ನೂ ಬೈತಾರೆ.

ಮುಂದಿನ ವಾರ ಹರಿಯೋ ನೀರಲ್ಲೇ ಸ್ಟಾಪ್‌ಲಾಗ್ ಗೇಟ್, ಅಂದ್ರೆ ಕಿಂಡಿ ಮುಚ್ಚೋ ತಾತ್ಕಾಲಿಕ ಬಾಗಿಲು, ಇಳಿಸಿದ್ರು, ಆಗಸ್ಟ್ 17ಕ್ಕೆ ಆ ಕಿಂಡಿಯ ನೀರು ನಿಂತಿತು. ನಾನು ಊರಿಗೆ ಹೋಗಿದ್ದೆ. ತಮ್ಮನ್ನ ಕರ್ಕೊಂಡು ಹೋಗಿ ಹೊಳೆ ಮೆಟ್ಟಿಲ ಪಕ್ಕದ ಗೋಡೆ ಮೇಲೆ ಗೆರೆ ಹಾಕಿಸ್ದೆ, ಜುಲೈ ನೀರು ಇಲ್ಲಿ, ಗೇಟು ಹೋದ ರಾತ್ರಿ ಇಲ್ಲಿ, ಇದು ದಾಟಿದ್ರೆ ಕೆಳಗಿನ ಓಣಿ ಖಾಲಿ ಮಾಡಿ ಅಂತ ಕೆಂಪಲ್ಲಿ ದೊಡ್ಡದಾಗಿ. ದೊಡ್ಡಪ್ಪ ಫೋಟೋ ತೆಗೆದು ಗ್ರೂಪಿಗೆ ಹಾಕಿದ್ರು, ಈ ಸಲ ಕನ್ನಡಕ ಹಾಕ್ಕೊಂಡು.

ಒಂದು ಮಳೆಗಾಲ ಆದ್ಮೇಲೆ ಹೋಗಿ ನೋಡಿದ್ರೆ ಗೋಡೆ ಬೆಳ್ಳಗೆ ಖಾಲಿ. ನನ್ನ ತಮ್ಮ ಆ ಗೆರೆಗಳನ್ನ ಮನೇಲಿ ಉಳ್ದಿದ್ದ ಡಿಸ್ಟೆಂಪರಲ್ಲಿ ಹಾಕಿದ್ದ, ಎಲ್ಲ ತೊಳ್ದೋಗಿತ್ತು. ಆಯಿಲ್ ಪೇಂಟು ತರೋಕೆ ಇನ್ನೂರು ರೂಪಾಯಿ ಕಳ್ಸಿದೀನಿ, ಇನ್ನೂ ತಂದಿಲ್ಲ.